ಬಾಣಂತಿ ಉಕ್ಕು

ನನ್ನ ತಮ್ಮ ಮೈಲಾರಪ್ಪನ ಮಗಳ ಹೆಸರು ಸಂಘಮಿತ್ರಾ. ಚಿಕ್ಕೇರೂರಿನಲ್ಲಿ ಆ ಹೆಸರು ಯಾರ ಬಾಯಲ್ಲೂ ಪೂರ್ತಿಯಾಗಿ ಬರಲಿಲ್ಲ. ಕೆಲವರಿಗೆ ಸಂಗವ್ವ, ಕೆಲವರಿಗೆ ಮಿತ್ರಿ, ಹಾಲಿನ ಡೇರಿಯಲ್ಲಿ ‘ಆ ಓಣಿ ಹುಡುಗಿ’. ನಮ್ಮ ಓಣಿಯವರು ಬುದ್ಧನ ಪಟವಿಟ್ಟು ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದ ಕೂಸು ಎಂದು ಅವಳಿಗೆ ಆ ಹೆಸರಿಟ್ಟರು. ಮೈಲಾರಪ್ಪ ಮಾತ್ರ ತನ್ನ ಹೆಸರು ಬಿಡಲಿಲ್ಲ. “ರೇಶನ್ ಕಾರ್ಡಿನಾಗ ಕುಂತಾನ ಮೈಲಾರಪ್ಪ. ಅವನ್ನ ಎಬ್ಬಿಸಬೇಕಂದ್ರ ಹಿರೇಕೆರೂರ ಆಫೀಸಿಗೆ ಚಪ್ಪಲಿ ಸವೀಬೇಕು” ಎನ್ನುತ್ತಿದ್ದ.

ಗಂಡ ತೀರಿದ ಮೇಲೆ ನಾನು ಈ ಮನೆಗೆ ಬಂದೆ. ಆಗ ಹುಡುಗಿಗೆ ಹಾಲುಹಲ್ಲು ಬೀಳುತ್ತಿದ್ದವು. ಈಗ ಅವಳು ಸಮುದ್ರದೊಳಗೆ ಮುಳುಗಿ ಓಡುವ ಹಡಗಿನ ಉಕ್ಕು ಬೆಸೆಯುವವರ ಸಾಲಿನಲ್ಲಿ ನಿಂತಿದ್ದಾಳೆ. ಆ ಸಾಲಿಗೆ ಸೇರಲು ಒಂದು ಪರೀಕ್ಷೆ ಇರುತ್ತದೆ. ಎರಡು ಸಲ ಕೂಡಬಹುದು, ಮೂರನೆಯದು ಇಲ್ಲ. ಮೊದಲ ಸಲ ಅವಳು ಬಿದ್ದಳು. ಕೈ ಬಾರದೆ ಬಿದ್ದವಳಲ್ಲ, ನಮ್ಮ ಕಡೆಯ ಒಂದು ರೂಢಿಯಿಂದ ಬಿದ್ದವಳು. ಅದನ್ನೇ ಬರೆಯಬೇಕೆಂದು ಕುಳಿತಿದ್ದೇನೆ.

ಅವಳು ಹಾನಗಲ್ಲಿನ ಐಟಿಐಗೆ ಬೆಸುಗೆ ಕಲಿಯಲು ಹೋಗುತ್ತೇನೆ ಎಂದಾಗ ಮನೆಯಲ್ಲಿ ಊಟ ಅರ್ಧಕ್ಕೆ ನಿಂತಿತು.

“ಹುಡುಗೇರು ಹೊಲಿಗಿ ಕಲೀತಾರವ್ವ. ನೀ ಬೆಸಗಿ ಅಂತಿ” ಎಂದ ಮೈಲಾರಪ್ಪ.

“ಎರಡೂ ಹೊಲಿಗೀನ ಅಪ್ಪ. ಒಂದು ಅರಿವೀದು, ಒಂದು ಕಬ್ಬಿಣದ್ದು.”

“ಅರಿವಿ ಹೊಲಿದ್ರ ಮಾರಿ ಸುಡಂಗಿಲ್ಲ.”

“ಮಾರಿಗೆ ಮುಚ್ಚಗಿ ಇರ್ತೈತಿ. ನೀ ರೊಟ್ಟಿ ಮುರಿ.”

ಅವಳ ಅವ್ವ ಯಂಕವ್ವ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅಲ್ಲಿಗೆ ಅದು ತೀರ್ಮಾನವಾಯಿತು.

ಐಟಿಐ ಮುಗಿದ ಮೇಲೆ ಹಾನಗಲ್ಲಿನ ಉಸ್ಮಾನಸಾಬನ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆ ಎಂದರೆ ತಗಡಿನ ಚಪ್ಪರ. ಕಬ್ಬಿನ ಟ್ರಾಲಿ ಕಟ್ಟುವುದು, ಮುರಿದವಕ್ಕೆ ತೇಪೆ ಹಾಕುವುದು. ಸುಗ್ಗಿಯಲ್ಲಿ ಚಪ್ಪರದ ಮುಂದೆ ಟ್ರಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ರೈತರು ಬೆಸುಗೆ ಆರುವ ತನಕವೂ ತಾಳುತ್ತಿರಲಿಲ್ಲ. ಅದಕ್ಕೇ ಉಸ್ಮಾನಸಾಬ ಒಂದು ಪದ್ಧತಿ ಮಾಡಿದ್ದ. ನೀರಿನ ಡ್ರಮ್ಮಿನಲ್ಲಿ ಯಾವಾಗಲೂ ಒಂದು ಗೋಣಿತಟ್ಟು ನೆನೆಯುತ್ತಿರುತ್ತಿತ್ತು. ಬೆಸುಗೆ ಮುಗಿದ ತಕ್ಷಣ ಆ ತಟ್ಟನ್ನು ಎತ್ತಿ ಕಾದ ಕಬ್ಬಿಣದ ಮೇಲೆ ಬಡಿಯುವುದು. ಚೊಂಯ್ ಎಂದು ಹಬೆ ಏಳುತ್ತಿತ್ತು.

“ಚೊಂಯ್ ಅಂತಂದ್ರ ಕೆಲಸ ಮುಗೀತು. ಎತ್ತಿಕೊಂಡು ಹೋಗ್ರಿ!” ಎಂದು ಉಸ್ಮಾನಸಾಬ ಕೂಗುತ್ತಿದ್ದ. ಟ್ರಾಕ್ಟರಿನವನು ಹೋಗುತ್ತ “ನಿಮ್ಮ ಹೊಟ್ಟಿ ತಣ್ಣಗಿರ್ಲಿ ಸಾಬ್ರ” ಎಂದು ಹರಸುತ್ತಿದ್ದ. ನಮ್ಮ ಕಡೆ ತಂಪು ಎಂದರೆ ಒಳ್ಳೆಯದೇ. ಹೊಟ್ಟೆ ತಣ್ಣಗಿರಬೇಕು, ಮನೆ ತಣ್ಣಗಿರಬೇಕು, ಕಬ್ಬಿಣವೂ ತಣ್ಣಗಾಗಬೇಕು. ಹಾನಗಲ್ಲಿನಿಂದ ಶಿಗ್ಗಾವಿಯ ತನಕ ಯಾವ ಚಪ್ಪರದಲ್ಲಿ ನೋಡಿದರೂ ಅದೇ ಡ್ರಮ್ಮು, ಅದೇ ತಟ್ಟು. ಸಂಘಮಿತ್ರಾ ವರ್ಷಗಟ್ಟಲೆ ಹಾಗೆಯೇ ಮಾಡಿದಳು. ಬೆಸೆಯುವ ಬಲಗೈ ನಿಂತ ಕೂಡಲೆ ಎಡಗೈ ತಾನೇ ಒದ್ದೆ ತಟ್ಟಿಗೆ ಹೋಗುತ್ತಿತ್ತು, ಉಂಡ ಮೇಲೆ ಕೈ ಚರಿಗೆಗೆ ಹೋಗುವ ಹಾಗೆ.

ಆಮೇಲೆ ಕರಾವಳಿಯ ಒಂದು ಹಡಗು ಕಟ್ಟೆಯಲ್ಲಿ ಬೆಸುಗೆಯವರು ಬೇಕೆಂದು ಗೊತ್ತಾಗಿ ಅಲ್ಲಿಗೆ ಹೋದಳು. ಯಾವ ಊರು, ಯಾವ ಕಟ್ಟೆ ಎಂದು ಬರೆಯುವುದಿಲ್ಲ. ಅವಳಿಗೂ ಹೇಳಬಾರದೆಂದು ಹೇಳಿದ್ದಾರೆ. ಮೊದಲು ಸಾಮಾನು ಸಾಗಿಸುವ ದೋಣಿಗಳ ಕೆಲಸ. ಹೋದ ವರ್ಷ ಹೊಸ ವಿಭಾಗವೊಂದು ತೆರೆಯಿತು. ಅಣುಶಕ್ತಿಯಿಂದ ಓಡುವ, ಬೇಟೆಯಾಡುವ ಜಲಾಂತರ್ಗಾಮಿಗಳನ್ನು ನಮ್ಮ ದೇಶವೇ ಕಟ್ಟಿಕೊಳ್ಳಬೇಕೆಂದು ತೀರ್ಮಾನವಾಗಿದೆಯಂತೆ. ಅದಕ್ಕೆ ಮೊದಲು ಉಕ್ಕಿನ ಉಂಗುರಗಳನ್ನು ಬೆಸೆದು ಪಳಗಬೇಕು. ಆ ವಿಭಾಗಕ್ಕೆ ಪರೀಕ್ಷೆ ಮಾಡಿ ಆರಿಸುತ್ತಾರೆ ಎಂದು ರಜೆಗೆ ಬಂದಾಗ ಹೇಳಿದಳು.

ಸುದ್ದಿ ಕೇಳಿದ್ದೇ ಓಣಿಯ ಫಕ್ಕೀರೇಶ ಬಂದು ನಮ್ಮ ಕಟ್ಟೆಯ ಮೇಲೆ ಕುಕ್ಕರಿಸಿದ. ಟ್ರಾಕ್ಟರ್ ಓಡಿಸುವವನು. ಎಂಜಿನ್ನು ಎಂದರೆ ತನಗೆ ಗೊತ್ತಿಲ್ಲದ್ದು ಇಲ್ಲ ಎನ್ನುವ ಗಂಡಸು.

“ಸಂಗವ್ವ, ನೀರಾಗ ಎಂಜಿನ್ನು ಹೆಂಗ ಉಸಿರಾಡತೈತಿ? ನನ್ನ ಟ್ರಾಕ್ಟರಿನ ಮೂಗಿಗೆ ಒಂದು ಅರಿವಿ ತುರುಕು, ಅಲ್ಲೇ ಸಾಯತೈತಿ.”

“ಖರೇ ಮಾತು ಕಾಕಾ. ಡೀಸೆಲ್ಲಿನವು ಅದಕ್ಕ ಮ್ಯಾಲ ಬರ್ತಾವ. ಎಮ್ಮಿ ಕೆರಿಯಾಗ ಮುಳುಗಿ ಮೂಗಷ್ಟ ಮ್ಯಾಲ ಹಿಡೀತೈತಲ್ಲ, ಹಂಗ ಒಂದು ಕೊಳವಿ ಮ್ಯಾಲ ಮಾಡಿ ಗಾಳಿ ಎಳಕೊಂಡು ಬ್ಯಾಟರಿ ತುಂಬಕೋತಾವ. ಆ ಮೂಗು ಕಂಡ್ರ ವೈರಿ ಹೊಡೀತಾನ.”

“ಇದಕ್ಕ ಮೂಗಿಲ್ಲೇನ?”

“ಬೇಕಾಗಂಗಿಲ್ಲ. ಒಳಗ ಬೆಂಕಿ ಇಲ್ಲ, ಬರೇ ಕಾವು. ಅಣು ಒಡದು ಕಾವು ಬರ್ತೈತಿ, ಕಾವಿಗೆ ನೀರು ಕುದ್ದು ಹಬಿ ಆಗತೈತಿ, ಹಬಿ ಚಕ್ರ ತಿರುಗಿಸತೈತಿ. ಗಾಳಿ ಕೇಳಂಗಿಲ್ಲ. ಒಂದ ಸಲ ಅದರ ಹೊಟ್ಟಿ ತುಂಬಿಸಿದ್ರ ವರ್ಷಾನುಗಟ್ಟಲೆ ಮತ್ತ ಎಣ್ಣಿ ಅಂತ ಕೇಳಂಗಿಲ್ಲ.”

ನಾನು ಕೇಳಿದೆ: “ಎಂಜಿನ್ನಿಗೆ ಗಾಳಿ ಬ್ಯಾಡ, ಒಳಗಿನ ಮಂದಿಗೆ?”

“ಸಮುದ್ರದ ನೀರನ್ನ ಸೀಳಿ ಉಸಿರಾಡೋ ಗಾಳಿ ಮಾಡಕೋತಾರ ಅತ್ತಿ. ಉಪ್ಪು ತಗದು ಕುಡಿಯೋ ನೀರೂ ಮಾಡಕೋತಾರ. ತಿಂಗಳಾನುಗಟ್ಟಲೆ ಮ್ಯಾಲ ಬರಂಗಿಲ್ಲ. ಕಡೀಕ ಖಾಲಿ ಆಗೋದು ಒಂದ, ಅಡಗಿ ಸಾಮಾನು.”

“ಅಂದ್ರ ಅಣುಬಾಂಬು ಹಾಕೋ ಹಡಗಾ ಇದು?” ಎಂದ ಮೈಲಾರಪ್ಪ. ಅವನ ದನಿಯಲ್ಲಿ ಅಳುಕಿತ್ತು.

“ಅಲ್ಲಪ್ಪ, ಅದು ಬ್ಯಾರೆ ಜಾತಿ. ಅದು ದೊಡ್ಡ ಕ್ಷಿಪಣಿ ಹೊತ್ತು ಎಲ್ಲೋ ಒಂದು ಕಡೆ ಅಡಗಿ ಕುಂತಿರ್ತೈತಿ. ಇದು ಬೇಟಿ ಆಡೋದು. ವೈರಿ ಹಡಗಿನ ಬೆನ್ನು ಹತ್ತಿ, ಅವಂಗ ಗೊತ್ತಾಗಧಂಗ ಎಷ್ಟು ದಿನಾನರ ಹಿಂದ ಹೋಗತೈತಿ. ಡೀಸೆಲ್ಲಿಂದು ಜೋರ ಓಡಿದ್ರ ಬ್ಯಾಟರಿ ಇಳೀತೈತಿ, ಇದಕ್ಕ ಆ ಚಿಂತಿ ಇಲ್ಲ. ಬೇಕಾದ್ರ ಮೂತಿ ಕೊಳವಿಯಿಂದ ಟಾರ್ಪಿಡೊ ಬಿಡತೈತಿ. ತನ್ನಂಥಾ ಇನ್ನೊಂದು ಮುಳುಗೋ ಹಡಗನ್ನೂ ಬೇಟಿ ಆಡತೈತಿ.”

“ನೀರಾಗ ಕತ್ತಲ. ಹೆಂಗ ಕಾಣತೈತಿ?” ಎಂದ ಫಕ್ಕೀರೇಶ.

“ಕಾಣಂಗಿಲ್ಲ, ಕೇಳತೈತಿ. ಅಲ್ಲೆಲ್ಲಾ ಕಿವೀದ ಆಟ. ಯಾರ ಸಪ್ಪಳ ಮೊದ್ಲು ಕೇಳತೈತಿ, ಅವ ಸತ್ತಂಗ. ಅದಕ್ಕ ಒಳಗಿನ ಒಂದೊಂದು ಮಷೀನೂ ರಬ್ಬರಿನ ಮ್ಯಾಲ ಕುಂದ್ರಸ್ತಾರ, ಅದರ ನಡುಕ ಹಡಗಿನ ಮೈಗೆ ಮುಟ್ಟಬಾರದು. ಹೊರಗ ಮೈತುಂಬ ರಬ್ಬರಿನ ಬಿಲ್ಲೆ ಹಚ್ಚತಾರ. ಹಿಂದಿನ ಫ್ಯಾನಿನ ರೆಕ್ಕಿ ಕುಡಗೋಲಿನಂಗ ಬಾಗಿರ್ತಾವ, ನೀರಾಗ ಗುಳ್ಳಿ ಏಳಬಾರದು ಅಂತ.”

“ಹಂಗಾದ್ರ ನಿಮ್ಮತ್ತೀನ ಒಳಗ ಕರಕೊಂಡು ಹೋಗಬ್ಯಾಡ. ಇಕಿ ಗೊರಕಿ ಕರಾಚಿಗೆ ಕೇಳಸತೈತಿ.”

ನಾನು ಕೈಗೆ ಸಿಕ್ಕ ಮೊರ ಎತ್ತಿದೆ. ಅವನು ಕಟ್ಟೆಯಿಂದ ಜಿಗಿದು ದೂರ ನಿಂತು ನಕ್ಕ. ಆಮೇಲೆ ಒಂದು ಮಾತು ಬಿಟ್ಟ: “ಟ್ರಾಲಿಗೆ ತೇಪಿ ಹಾಕಿದ ಕೈ ಅದಕ್ಕ ನಡೀತೈತೇನವ್ವ? ಅಲ್ಲಿ ದೊಡ್ಡ ದೊಡ್ಡವರ ವಶೀಲಿ ಇರ್ತೈತಿ. ನಮ್ಮ ಓಣಿ ಹೆಸರು ಕೇಳಿದ್ರ…”

ಸಂಘಮಿತ್ರಾ ನಗಲಿಲ್ಲ.

“ಬೆಸಗಿ ಆದಮ್ಯಾಲ ಎಕ್ಸ್‌ರೇ ತಗೀತಾರ ಕಾಕಾ. ಎಕ್ಸ್‌ರೇಕ ಓಣಿ ಗೊತ್ತಾಗಂಗಿಲ್ಲ. ಅದಕ್ಕ ನಾ ಆ ಕೆಲಸಾನ ಬೇಕಂತೇನಿ.”

ಅವಳಿಗೆ ಏನು ಬೇಕಿತ್ತು ಎಂದು ನನಗೆ ಆಗ ತಿಳಿಯಿತು. ನಮ್ಮ ಕೇರಿಗೆ ಯಾವಾಗಲೂ ಬೇರೆಯವರು ಬಿಟ್ಟ ಕೆಲಸ ಬರುತ್ತಿತ್ತು. ಯಾರೂ ದಯೆಯಿಂದ ಕೊಡಲಾಗದ, ಯಾರೂ ಹಟದಿಂದ ತಪ್ಪಿಸಲೂ ಆಗದ ಕೆಲಸ ಅವಳಿಗೆ ಬೇಕಿತ್ತು.

ನಾನು ಅವಳ ಜೊತೆ ಕರಾವಳಿಗೆ ಹೋದೆ. ಅಲ್ಲಿಯ ಅನ್ನ ಮೀನು ಅವಳಿಗೆ ಹಿಡಿಸಿರಲಿಲ್ಲ, ಪರೀಕ್ಷೆಯ ತಯಾರಿಯಲ್ಲಿ ಮೈ ಇಳಿದಿತ್ತು. ಬಾಡಿಗೆ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತ ಇದ್ದುಬಿಟ್ಟೆ. ಬಡಿಯುವ ಸಪ್ಪಳಕ್ಕೆ ಮನೆ ಮಾಲಕಿ ಎರಡು ಸಲ ಬಂದು ಇಣುಕಿ ಹೋದಳು. ಮೂರನೆಯ ಸಲ ತಾಟು ಹಿಡಿದೇ ಬಂದಳು.

ಪರೀಕ್ಷೆ ಇಷ್ಟು. ದಪ್ಪ ಉಕ್ಕಿನ ಎರಡು ಹಲಗೆಗಳ ನಡುವೆ ಸೀಳು ಬಿಟ್ಟಿರುತ್ತಾರೆ. ಅದನ್ನು ಪದರದ ಮೇಲೆ ಪದರ ಬೆಸುಗೆಯಿಂದ ತುಂಬಬೇಕು. ಆ ಉಕ್ಕು ನಮ್ಮ ಟ್ರಾಲಿಯ ಕಬ್ಬಿಣದಂಥದ್ದಲ್ಲ. ಆಳಕ್ಕೆ ಹೋದಂತೆ ನೀರು ಹಡಗನ್ನು ಎಲ್ಲ ಕಡೆಯಿಂದ ಹಿಂಡುತ್ತದೆ. ಅದಕ್ಕೇ ಹಡಗಿನ ಮೈ ಕೊಳವೆಯಂತೆ ದುಂಡಗೆ. ದುಂಡಗಿದ್ದರೆ ಒತ್ತಡ ಸುತ್ತಲೂ ಸಮ ಹಂಚಿಹೋಗುತ್ತದೆ, ಒಂದು ಮೂಲೆಗೆ ಬಂದು ಕೂಡುವುದಿಲ್ಲ. ಒಳಗೆ ಪಕ್ಕೆಲುಬಿನಂತೆ ಉಂಗುರಗಳು. ಇಷ್ಟೆಲ್ಲ ಇದ್ದರೂ ಒಂದು ಬೆಸುಗೆಯಲ್ಲಿ ಕೂದಲೆಳೆ ಬಿರುಕಿದ್ದರೆ ನೀರು ಅದನ್ನೇ ಹುಡುಕಿಕೊಂಡು ಬರುತ್ತದೆ. ಒಳಗೆ ಇರುವವರು ನೂರು ಮಂದಿ.

ಬೆಸುಗೆ ಪರೀಕ್ಷಿಸುವವಳು ಮಾಹೀರಾ ಎಂಬ ಎಂಜಿನಿಯರು, ಸವಣೂರಿನವಳು. ಒಂದು ದಿನ ಸಂಘಮಿತ್ರಾ ಫೋನಿನಲ್ಲಿ “ಬರಾಕತ್ತೇನಿ, ತಡಿ” ಎಂದದ್ದನ್ನು ಕೇಳಿ ತಾನೇ ನಿಂತು “ಯಾವೂರವ್ವ ನಿಂದು?” ಎಂದಳಂತೆ. ಹುಡುಗಿಗೆ ಆನೆಯ ಬಲ ಬಂತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. “ನಮ್ಮ ಕಡೆಯಾಕಿ ಅಂತ ಮಾಫಿ ಇಲ್ಲ ನೋಡು. ನನ್ನ ಮಷೀನಿಗೆ ಕನ್ನಡ ಬರಂಗಿಲ್ಲ” ಎಂದಳಂತೆ ಮಾಹೀರಾ.

ಮೊದಲನೆಯ ಪರೀಕ್ಷೆಯ ದಿನ ಸಂಘಮಿತ್ರಾಳ ಬೆಸುಗೆ ನೋಡಿ ಪಕ್ಕದ ಬೆಸುಗೆ ಗೂಡಿನವರೇ ತಲೆದೂಗಿದರಂತೆ. ಮೀನಿನ ಹುರುಪೆ ಜೋಡಿಸಿದ ಹಾಗೆ ಒಂದೇ ಸಮ. ಕೊನೆಯ ಪದರ ಮುಗಿಯಿತು. ಬೆಸುಗೆ ಕಡ್ಡಿಯ ಬೆಳಕು ನಂದಿತು. ಪಕ್ಕದಲ್ಲಿ ಒಂದು ಬಕೆಟ್ಟಿನಲ್ಲಿ ಕೈ ಒರೆಸುವ ಒದ್ದೆ ಅರಿವೆ ಇತ್ತು. ಎಡಗೈ ಹೋಯಿತು. ಅರಿವೆ ಎತ್ತಿತು. ಬಡಿಯಿತು.

ಚೊಂಯ್.

ಇಡೀ ಸಾಲಿನಲ್ಲಿ ಎಲ್ಲರ ಕೈ ನಿಂತಿತಂತೆ. ಅವಳಿಗೆ ತಾನು ಏನು ಮಾಡಿದೆ ಎಂದು ಗೊತ್ತಾದದ್ದು ಹಬೆ ಮುಖಕ್ಕೆ ಹೊಡೆದ ಮೇಲೆ. ಪಾಠದಲ್ಲಿ ಹೇಳಿದ್ದರು, ಅವಳಿಗೆ ಬಾಯಿಪಾಠವೂ ಇತ್ತು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ.

ಹಲಗೆ ಮೇಲೆ ನೋಡಲು ಚೆನ್ನಾಗಿಯೇ ಇತ್ತು. ಮಾಹೀರಾ ಅದನ್ನು ಎರಡು ದಿನ ಪರೀಕ್ಷಿಸಿ ಅವಳನ್ನು ಕರೆದಳು.

“ಒಳಗ ಸೀಳೇತಿ. ನಿನ್ನೆ ಇರಲಿಲ್ಲ, ಇವತ್ತ ಐತಿ. ಕಾದ ಇಂಥಾ ಗಟ್ಟಿ ಉಕ್ಕಿಗೆ ನೀರು ಮುಟ್ಟಿದ್ರ ಅದು ತಡಾ ಮಾಡಿ ಒಡೀತೈತಿ. ಎಲ್ಲಾರೂ ಮನಿಗೆ ಹೋದಮ್ಯಾಲ, ಯಾರೂ ನೋಡದಾಗ.”

“ಅಕ್ಕಾರ, ಕೈ ತಪ್ಪಿತ್ರಿ.”

“ಹಡಗಿನಾಗ ಕುಂತಾವ್ರಿಗೂ ಹಂಗ ಹೇಳ್ತಿಯೇನ?”

ಅಂದು ಹುಡುಗಿ ಕೋಣೆಗೆ ಬಂದವಳು ಉಣ್ಣಲಿಲ್ಲ. ನಾನು ಒತ್ತಾಯಿಸಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡು, “ಅತ್ತಿ, ಈ ಎಡಗೈ ಕಡದು ಒಗದ್ರ ಚಲೋ ಆಗ್ತಿತ್ತು” ಎಂದಳು.

“ಕಡದ್ರ ರೊಟ್ಟಿ ಹಿಡಿಯೋದು ಯಾವುದರಿಂದ? ಮೊದ್ಲು ಉಣ್ಣು” ಎಂದೆ.

ಎರಡನೆಯ ಪರೀಕ್ಷೆಗೆ ಕೆಲವು ವಾರ ಉಳಿದಿದ್ದವು. ಅವಳು ಹಡಗು ಕಟ್ಟೆಯಲ್ಲಿ ಬಿಡುವಾದಾಗಲೆಲ್ಲ ಬೇಡವಾದ ತುಂಡುಗಳ ಮೇಲೆ ಬೆಸೆದು ನೋಡುತ್ತಿದ್ದಳು. ಎಡಗೈಯನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡಳು. ಒಳ್ಳೆಯ ಉಪಾಯವೆಂದುಕೊಂಡಳು. ಬಿಚ್ಚಿದ ಕೂಡಲೆ ಕೈ ಮತ್ತೆ ಬಕೆಟ್ಟಿನ ಕಡೆಗೇ ಹೋಗುತ್ತಿತ್ತು. ಬಕೆಟ್ಟು ತೆಗೆಸಿ ಇಟ್ಟರೆ ಖಾಲಿ ನೆಲ ತಡವುತ್ತಿತ್ತು. “ಉಸ್ಮಾನಸಾಬ ನನ್ನ ಕೈಯಾಗ ಹೊಕ್ಕಾನತ್ತಿ” ಎನ್ನುತ್ತಿದ್ದಳು, ನಗು ಅಳು ಎರಡೂ ಸೇರಿಸಿ.

ಇದು ಬಿಡಿಸಿದ್ದು ಯಂಕವ್ವನ ಒಂದು ಮಾತು. ಅವಳು ಚಿಕ್ಕೇರೂರಿನಲ್ಲಿ ಬಾಣಂತಿಯರಿಗೆ ಎರೆಯುವವಳು. ಹೆರಿಗೆಯಾದ ಮನೆಗಳಿಗೆ ಹೋಗಿ ಬಿಸಿನೀರು ಹಾಕಿ, ಹೊರಸಿನ ಕೆಳಗೆ ಕೆಂಡದ ಬೋಗುಣಿ ಇಟ್ಟು, ಕಿವಿಗೆ ಅರಿವೆ ಕಟ್ಟಿ, ಕಂಬಳಿ ಹೊದಿಸಿ ಕಾಯಿಸುತ್ತಾಳೆ. ಒಂದು ಭಾನುವಾರ ಫೋನಿನಲ್ಲಿ ಮಗಳು ಹೇಳುತ್ತಿದ್ದಳು:

“ಬೆಸಿಯೋಕಿಂತ ಮೊದಲ ಉಕ್ಕು ಕಾಯಿಸಬೇಕವ್ವ. ಬೆಸಿಯೋವಾಗೂ ಕಾವು ಇಳೀಬಾರದು. ಆದಮ್ಯಾಲ ಕಂಬಳಿ ಹೊಚ್ಚಿ ಸಾವಕಾಶ ಆರಿಸಬೇಕು. ಗಾಳಿ ಬಡೀಬಾರದು, ನೀರು ಮುಟ್ಟಬಾರದು.”

ಯಂಕವ್ವ ಕೇಳಿದಳು: “ಹಂಗಾದ್ರ ಅದು ಬಾಣಂತಿ ಅಲ್ಲೇನ?”

“ಏನಂದಿ?”

“ಎರಡು ಮೈ ಕೂಡಿಸಿ ಹೊಸದು ಹಡದಾಳ. ಮೈಯಿನ್ನೂ ಹಸಿ ಐತಿ. ಬಾಣಂತಿ ಮೈಮ್ಯಾಲ ತಣ್ಣೀರು ಹಾಕ್ತಾರೇನಬೇ, ಗೇಡಿ? ನಿನ್ನ ಕೈಲೆ ನಾ ಎಷ್ಟು ಮನಿಯಾಗ ಕೆಂಡ ತರಿಸಿಲ್ಲ?”

ಫೋನು ಇಟ್ಟ ಮೇಲೆ ಸಂಘಮಿತ್ರಾ ಎದ್ದು ನಿಂತಳು. ಆಮೇಲೆ ಎಡಗೈ ಎತ್ತಿ ಗಾಳಿಯಲ್ಲಿ ಏನನ್ನೋ ಹೊದಿಸುವ ಹಾಗೆ ಮಾಡಿದಳು. ಮತ್ತೊಮ್ಮೆ. ಸಣ್ಣವಳಿದ್ದಾಗ ಅವ್ವನ ಹಿಂದೆ ಹೋಗಿ ಬಾಣಂತಿಯ ಕಾಲಿಗೆ ಕಂಬಳಿ ಸರಿಮಾಡುತ್ತಿದ್ದ ಕೈಯದು. ತಟ್ಟಿಗಿಂತ ಮೊದಲು ಆ ಕೈ ಕಲಿತದ್ದು ಕಂಬಳಿಯನ್ನೇ.

ಮರುದಿನದಿಂದ ಅವಳು ಕೈ ಕಟ್ಟಿಕೊಳ್ಳಲಿಲ್ಲ. ಬಕೆಟ್ಟು ಇದ್ದಲ್ಲಿಯೇ ಇರಲಿ ಎಂದಳು. ಬೆಸುಗೆ ಮುಗಿದ ಕೂಡಲೆ ಎಡಗೈಗೆ ಕೆಲಸ ಕೊಟ್ಟಳು: ಬೆಂಕಿ ತಾಳುವ ದಪ್ಪ ಕಂಬಳಿಯನ್ನು ಎಳೆದು ಹೊದಿಸುವುದು. ಮೊದಮೊದಲು ಕೈ ನಡುವೆ ತಡವರಿಸುತ್ತಿತ್ತು. ಒಂದು ವಾರದ ಮೇಲೆ ತಾನೇ ಕಂಬಳಿಗೆ ಹೋಗತೊಡಗಿತು.

ಎರಡನೆಯ ಪರೀಕ್ಷೆ ಕಡುಬೇಸಿಗೆಯಲ್ಲಿ ಬಂತು. ತಗಡಿನ ಛಾವಣಿ, ಕಾದ ಉಕ್ಕು, ಚರ್ಮದ ಅಂಗಿ, ಮುಖಕ್ಕೆ ಮುಚ್ಚಿಗೆ. ಸಾಲಿನ ತುದಿಯಲ್ಲಿ ಎತ್ತರದ ಫ್ಯಾನೊಂದು ಸುತ್ತುತ್ತಿತ್ತು. ಸಂಘಮಿತ್ರಾ ಹೋಗಿ ಅದರ ಮೋರೆ ಗೋಡೆಗೆ ತಿರುಗಿಸಿದಳು. ಪಕ್ಕದ ಗೂಡಿನವನು ಬಳ್ಳಾರಿ ಕಡೆಯವ, ಚೀರಿದ:

“ಏ ತಾಯಿ, ಜೀವ ತೆಗಿತೀಯಾ? ಗಾಳಿ ಈ ಕಡೆ ಬಿಡು!”

“ಒಳಗ ಬಾಣಂತಿ ಅದಾಳಣ್ಣ. ಗಾಳಿ ಬಡೀಬಾರದು.”

ಅವನು ಮುಚ್ಚಿಗೆ ಎತ್ತಿ ಸುತ್ತಲೂ ನೋಡಿದನಂತೆ, ಯಾರು ಎಂದು.

ಕಡ್ಡಿಗಳೂ ಒಲೆಯಲ್ಲಿ ಒಣಗಬೇಕು. ಹೊರಗೆ ತೆಗೆದ ಮೇಲೆ ಬಹಳ ಹೊತ್ತು ಇಟ್ಟರೆ ಗಾಳಿಯ ಪಸೆ ಹೀರಿಕೊಳ್ಳುತ್ತವೆ. ಅವಳು ಬೇಕಾದಷ್ಟನ್ನೇ ಬಿಸಿ ಡಬ್ಬಿಯಲ್ಲಿ ತಂದು ಬೆಸೆಯುತ್ತ ಹೋದಳು. ನಡುನಡುವೆ ಉಕ್ಕಿನ ಮೇಲೆ ಕಾವು ಅಳೆಯುವ ಒಂದು ಬಳಪ ಗೀಚುವುದು. ತಕ್ಕ ಕಾವಿದ್ದರೆ ಬಳಪ ಕರಗಿ ಒದ್ದೆಯಾಗುತ್ತದೆ, ಕಾವು ಇಳಿದಿದ್ದರೆ ಒಣಗೀರಾಗಿ ಉಳಿಯುತ್ತದೆ.

ಅರ್ಧ ಸೀಳು ತುಂಬಿತ್ತು. ಆಗ ಕರೆಂಟು ಹೋಯಿತು.

ಬೆಸುಗೆಯ ಯಂತ್ರ ಸತ್ತಿತು. ಉಕ್ಕಿಗೆ ಕಟ್ಟಿದ್ದ ಕಾಯಿಸುವ ಪಟ್ಟಿಗಳೂ ಸತ್ತವು. ಮೇಲಿನವರೊಬ್ಬರು ಬಂದು, ಕರೆಂಟು ಬರುವವರೆಗೆ ಹೊರಗೆ ಹೋಗಿ ಗಾಳಿ ತೆಗೆದುಕೊಳ್ಳಿ, ಹಲಗೆ ಆರಿದವರಿಗೆ ಹೊಸ ತಾರೀಖು ಆಮೇಲೆ ನೋಡೋಣ ಎಂದರು. ಆಮೇಲೆ ಎಂದರೆ ಯಾವಾಗ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಮುಚ್ಚಿಗೆ ಕಳಚಿ ಹೊರಗೆ ನಡೆದರು. ಬಿಸಿಲಿಗೆ ಅವರ ಬೆವರು ಉಪ್ಪಾಗಿತ್ತು, ತಪ್ಪೇನು ಅವರದು?

ಸಂಘಮಿತ್ರಾ ಹೋಗಲಿಲ್ಲ. ಕಂಬಳಿ ಎಳೆದು ಹಲಗೆಗೆ ಹೊದಿಸಿದಳು. ಅಲ್ಲಿ ಗ್ಯಾಸಿನ ಉರಿಯ ಕೊಳವೆ ಇತ್ತು.

“ಸಾಹೇಬ್ರ, ಗ್ಯಾಸಿನಿಂದ ಕಾವು ಹಿಡೀಬಹುದ್ರಿ?”

“ಹಿಡಿಬಹುದು. ಆದರೆ ಹೆಚ್ಚು ಕಾಯಿಸಿದರೂ ಉಕ್ಕು ಕೆಡುತ್ತೆ. ಜವಾಬ್ದಾರಿ ನಿನ್ನದು.”

“ನಂದ ರೀ.”

ಕಂಬಳಿಯ ಒಂದು ಅಂಚು ಎತ್ತಿ ಹಲಗೆಯ ಕೆಳಗಿನಿಂದ ಉರಿ ಆಡಿಸುತ್ತ, ಬಳಪ ಗೀಚುತ್ತ ಕುಳಿತಳು. ಒಂದೇ ಕಡೆ ಉರಿ ನಿಲ್ಲಬಾರದು. ಬೋಗುಣಿಯ ಕೆಂಡವನ್ನು ಹೊರಸಿನ ತಲೆಗೊಮ್ಮೆ ಕಾಲಿಗೊಮ್ಮೆ ಸರಿಸುವ ಹಾಗೆ ಆಡಿಸಬೇಕು. ತೋಳು ಸೋತಾಗ ಮೊಣಕೈಯನ್ನು ಮೊಣಕಾಲಿಗೆ ಆನಿಸಿದಳಂತೆ. ಬಳ್ಳಾರಿಯವನು ನೀರು ಕುಡಿದು ಒಳಗೆ ಬಂದವನು ಬಾಗಿಲಲ್ಲೇ ನಿಂತ. ಅವಳನ್ನು ನೋಡಿದ, ತನ್ನ ಹಲಗೆಯನ್ನು ಮುಟ್ಟಿ ನೋಡಿದ. ಅದು ಆಗಲೇ ಕೈ ತಾಳುವಷ್ಟು ಆರಿತ್ತು.

“ನಂದು ಹೋಯ್ತಲ್ಲ ತಾಯಿ” ಎಂದು ಅಲ್ಲೇ ಕುಳಿತ. ಆಮೇಲೆ ಎದ್ದು ಬಂದು ಅವಳ ಹಲಗೆಗೆ ಗಾಳಿ ಬೀಸುವ ಬಾಗಿಲನ್ನು ಎಳೆದು ಮುಚ್ಚಿದ.

ಕರೆಂಟು ಬಂದಾಗ ಮಧ್ಯಾಹ್ನ ಇಳಿದಿತ್ತು. ಬಳಪ ಗೀಚಿದಳು. ಕರಗಿತು. ಮುಚ್ಚಿಗೆ ಇಳಿಸಿ ಬೆಸೆಯತೊಡಗಿದಳು. ಕೊನೆಯ ಪದರ ಮುಗಿದಾಗ ಎಡಗೈ ಕಂಬಳಿಗೆ ಹೋಯಿತು.

ಹಲಗೆಯನ್ನು ಪರೀಕ್ಷಿಸುವ ದಿನದ ತನಕ ಕಾಯುವುದೇ ದೊಡ್ಡ ಶಿಕ್ಷೆ. ಒಳಗಿನ ಬಿರುಕು ತಡವಾಗಿ ಬರುತ್ತದೆ ಎಂದು ಗೊತ್ತಿದ್ದವರಿಗೆ ಒಂದೊಂದು ದಿನವೂ ಅಳುಕು. ಅವಳು ಕೆಲಸಕ್ಕೆ ಹೋಗಿ ಬರುತ್ತಿದ್ದಳು, ನಾನು ರೊಟ್ಟಿ ಬಡಿಯುತ್ತಿದ್ದೆ.

ಎಕ್ಸ್‌ರೇ ಆಯಿತು. ಆಮೇಲೆ ಮಾಹೀರಾ ಬೆಸುಗೆಯ ಮೇಲೆ ಅಂಟಂಟು ರಸ ಹಚ್ಚಿ ಒಂದು ಸಣ್ಣ ಗುಂಡಿಯನ್ನು ಆಡಿಸಿದಳಂತೆ, ಬಸುರಿಗೆ ಸ್ಕ್ಯಾನ್ ಮಾಡುವ ಹಾಗೆ. ಉಕ್ಕಿನೊಳಗೆ ಶಬ್ದ ಹೋಗಿ ತಿರುಗಿ ಬರುತ್ತದೆ. ನಡುವೆ ಬಿರುಕಿದ್ದರೆ ಅಲ್ಲಿಂದಲೇ ತಿರುಗುತ್ತದೆ. ಒಂದು ಕಡೆ ಗುಂಡಿ ನಿಂತಿತು. ಹಿಂದೆ ಸರಿಯಿತು, ಮತ್ತೆ ಅಲ್ಲಿಗೇ ಬಂತು.

“ಕರೆಂಟು ಹೋದದ್ದು ಇಲ್ಲೇನ?” ಎಂದಳು ಮಾಹೀರಾ.

“ಹೂಂರಿ.”

ಮಾಹೀರಾ ಆ ಜಾಗವನ್ನು ಒರೆಸಿ, ಹೊಸದಾಗಿ ರಸ ಹಚ್ಚಿ, ಅಡ್ಡದಿಂದಲೂ ಉದ್ದದಿಂದಲೂ ನೋಡಿದಳು. ಆಮೇಲೆ ಯಂತ್ರ ಆರಿಸಿ ಕೈ ತೊಳೆದುಕೊಳ್ಳಲು ಹೋದಳು. ಸಂಘಮಿತ್ರಾ ಅವಳ ಹಿಂದೆಯೇ ಹೋಗಿ ನಲ್ಲಿಯ ಹತ್ತಿರ ನಿಂತಳು.

“ಅಕ್ಕಾರ?”

“ಏನೂ ಇಲ್ಲ. ಪದರ ಪದರ ಕೂಡಿದ ಗುರುತು ಅಷ್ಟ. ಬಿರುಕಿಲ್ಲ.” ಬಾಗಿಲ ತನಕ ಹೋಗಿ ತಿರುಗಿದಳಂತೆ. “ಆ ಹೊತ್ತಿನಾಗ ಕಾವು ಹಿಡದಾಕಿ ನೀ ಒಬ್ಬಾಕೀನ. ನಾಳೆಯಿಂದ ಉಂಗುರದ ಸಾಲಿಗೆ ಬಾ. ಜಲ್ದಿ ಬಾ, ನಮ್ಮ ಕಡೆಯವರು ಲೇಟು ಅನ್ನೋ ಹೆಸರು ಐತಿ ಇಲ್ಲಿ.”

ಸಂಘಮಿತ್ರಾ ಕೋಣೆಗೆ ಓಡಿ ಬಂದು ಹೇಳಿದಾಗ ನನ್ನ ಕೈ ಹಿಟ್ಟಿನಲ್ಲಿತ್ತು. ಅದೇ ಕೈಯಿಂದ ಅವಳ ಮುಖ ಹಿಡಿದೆ. ಊರಿಗೆ ಫೋನು ಹಚ್ಚಿದೆವು. ಯಂಕವ್ವ “ಬಾಣಂತಿ ಹುಷಾರದಾಳಿಲ್ಲ?” ಎಂದಳು.

ಬುದ್ಧ ಪೂರ್ಣಿಮೆಗೆ ಓಣಿಯವರು ಅವಳಿಗೆ ಸನ್ಮಾನ ಇಟ್ಟರು. ನಾನು ಅಷ್ಟು ಹೊತ್ತಿಗೆ ಊರಿಗೆ ಬಂದಿದ್ದೆ. ಪೆಂಡಾಲು, ಮೈಕು, ಶಾಲು, ಹಾರ ಎಲ್ಲ ಸಿದ್ಧ. ಫಕ್ಕೀರೇಶ ತಾನೇ ಟ್ರಾಕ್ಟರು ತೊಳೆದು, ಬಸ್ ನಿಲ್ದಾಣದಿಂದ ಅವಳನ್ನು ಮೆರೆಸಿಕೊಂಡು ಬರುತ್ತೇನೆ ಎಂದು ಕುಣಿಯುತ್ತಿದ್ದ. ಹಿಂದಿನ ದಿನ ಅವಳ ಫೋನು ಬಂತು.

“ಅಪ್ಪ, ನಾ ಬರಾಕ ಆಗಂಗಿಲ್ಲ. ಉಂಗುರ ಹಿಡದೇವಿ. ಒಂದ ಸಲ ಕಾಯಿಸಿದ್ರ ಸುತ್ತು ಮುಗಿಯೋತನಾ ಕಾವು ಬಿಡಂಗಿಲ್ಲ. ಪಾಳಿ ಮ್ಯಾಲ ಪಾಳಿ ನಿಂತೇವಿ. ನನ್ನ ಪಾಳಿ ಬ್ಯಾರೆಯವರಿಗೆ ಕೊಡಾಕ ನನಗ ಮನಸಿಲ್ಲ.”

“ಎಲ್ಲಾರಿಗೂ ಹೇಳೇವಲ್ಲವ್ವ. ಹಾನಗಲ್ಲಿನಿಂದ ಉಸ್ಮಾನಸಾಬನೂ ಬರ್ತಾನ.”

“ಸನ್ಮಾನ ಮುಂದಿನ ವರ್ಷ ಮಾಡ್ರಿ. ಉಂಗುರ ಮುಂದಿನ ವರ್ಷದ ತನಕ ಕಾಯಂಗಿಲ್ಲ.”

“ಈ ಹಡಗು ನೀರಿಗಿಳಿಯೋದು ಯಾವಾಗ?”

“ಇದು ಹಡಗಿಂದಲ್ಲಪ್ಪ, ಪಳಗಾಕ ಮಾಡೋ ಉಂಗುರ. ಇದನ್ನ ಹಿಂಡಿ ಒಡದು ನೋಡ್ತಾರ. ಹಡಗು ಇಳಿಯೋತನಾ ನನ್ನ ತಲಿ ಬೆಳ್ಳಗಾಗಬಹುದು.”

“ಒಡಿಯಾಕಂತ ಮಾಡೋದಕ್ಕ ಇಷ್ಟು ಹಟಾನ?”

“ಒಡಿಯಾಕ ಬಂದಾವ್ರು ಸೋಲಬೇಕಲ್ಲಪ್ಪ.”

“ಹಂಗಾದ್ರ ಬರಬ್ಯಾಡ” ಎಂದ ಮೈಲಾರಪ್ಪ. “ಮುಗಿಸು.”

ಮರುದಿನ ಪೆಂಡಾಲಿನಲ್ಲಿ ಮೈಕಿನವನು ಸಂಘಮಿತ್ರಾಳ ಹೆಸರು ಕೂಗಿದ. ಮೈಲಾರಪ್ಪ ಎದ್ದು ನಿಂತ. ಅವನು ಜನ್ಮದಲ್ಲಿ ಮೈಕು ಹಿಡಿದವನಲ್ಲ.

“ಮಗಳು ಬಂದಿಲ್ಲರಿ. ಕೆಲಸ ನಡದೈತಿ. ಎಲ್ಲಾರೂ ಊಟ ಮಾಡಿಕೊಂಡು ಹೋಗ್ರಿ” ಎಂದು ಹೇಳಿ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು, ಬಡಿಸುವವರ ಜೊತೆ ಹೋಗಿ ಸಾರಿನ ಬಕೆಟ್ಟು ಎತ್ತಿಕೊಂಡ.